ನಮೂನೆ 7 ಮತ್ತು ಅಮೆರಿಕದ ಅರವತ್ತು ದಿನಗಳು



ಹೋದ ವಾರ ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಿ ನಮ್ಮ ಹಿರೇಬೆಂಡಿಗೇರಿಯ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದಾಗ ನನ್ನ ಓರಗೆಯವರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಮಳೆ, ಗೋವಿನಜೋಳದ ದರ, ಮೊಣಕಾಲ ನೋವು ಎಲ್ಲವೂ ಆದ ಮೇಲೆ ಮಾತು ಅಮೆರಿಕದಿಂದ ಮರಳಿ ಬಂದ ನಮ್ಮೂರ ಹುಡುಗನ ಕಡೆಗೆ ಹೊರಳಿತು. “ನೌಕರಿ ಹೋತು, ವೀಸಾ ರದ್ದಾತು, ಬಂದ. ಅದರಾಗೇನೈತ್ರಿ ಮಾಸ್ತರ? ಕರದಾವ್ರ ಮನಿಗೆ ಉಣ್ಣಾಕ ಹೋದಾವ, ಅವರು ಸಾಕಂದ ಮ್ಯಾಲೆ ಎದ್ದು ಬರಬೇಕಲ್ಲ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು. ಆ ನೂಕುನುಗ್ಗಲಿನಲ್ಲಿ ಉತ್ತರ ಹೇಳಲಾಗಲಿಲ್ಲ. ಈ ಬರಹವೇ ಆ ಉತ್ತರ. ಅವರ ಮೊಮ್ಮಗ ನಾನು ಬರೆದದ್ದನ್ನು ಓದುವವನು. ಅಜ್ಜನಿಗೆ ಓದಿ ಹೇಳಲಿ.

ಆ ಹುಡುಗ ನನ್ನ ವಿದ್ಯಾರ್ಥಿ. ಹೆಸರು ಬೇಡ. ಊರಿನವರಿಗೆ ಗೊತ್ತೇ ಇದೆ, ಹೊರಗಿನವರಿಗೆ ಅಗತ್ಯವಿಲ್ಲ. ಎಂಟನೆಯ ತರಗತಿಯಿಂದ ಹತ್ತನೆಯವರೆಗೆ ನನ್ನಲ್ಲಿ ಸಮಾಜ ವಿಜ್ಞಾನ ಕಲಿತ. ತಂದೆ ನಾಲ್ಕು ಎಕರೆ ಹೊಲದ ಉತಾರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತಂದು ಓದಿಸಿದರು. ಮುಂದೆ ಹುಡುಗ ಅಮೆರಿಕಕ್ಕೆ ಹೋದ, ಅಲ್ಲಿ ಒಂದು ಕಂಪನಿಯಲ್ಲಿ ಎಚ್-1ಬಿ ವೀಸಾದ ಮೇಲೆ ನೌಕರಿಗೆ ನಿಂತ, ಮದುವೆಯಾದ, ಮಗಳು ಹುಟ್ಟಿದಳು. ಐದನೆಯ ವರ್ಷ ನಡೆಯುತ್ತಿತ್ತು. 2024ರ ಜನವರಿ 22ರ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಒಳಗೆ ಪ್ರವೇಶವೇ ಇಲ್ಲ. ಇಂದೇ ನಿನ್ನ ಕೊನೆಯ ದಿನವೆಂಬ ಪತ್ರ ಮಾತ್ರ ಬಂದಿತ್ತು. ಅವನೊಬ್ಬನಿಗೇ ಹೀಗಾದದ್ದಲ್ಲ. 2022ರ ನವೆಂಬರಿನಲ್ಲಿ ಮೆಟಾ 11,000 ಮಂದಿಯನ್ನು, 2023ರ ಜನವರಿಯಲ್ಲಿ ಗೂಗಲ್ 12,000 ಮಂದಿಯನ್ನು, ಮೈಕ್ರೋಸಾಫ್ಟ್ 10,000 ಮಂದಿಯನ್ನು ತೆಗೆಯುವುದಾಗಿ ಸಾರಿದ್ದು ನೀವೆಲ್ಲ ಓದಿದ್ದೀರಿ. ಆ ಗಾಳಿ ಸಣ್ಣ ಕಂಪನಿಗಳನ್ನೂ ತಟ್ಟಿತು.

ನೌಕರಿ ಹೋದದ್ದಕ್ಕೆ ನಾನು ಅಳುತ್ತಿಲ್ಲ. ವ್ಯಾಪಾರದಲ್ಲಿ ಲಾಭವಿಲ್ಲದಾಗ ಆಳನ್ನು ಬಿಡಿಸುವುದು ನಮ್ಮ ಹತ್ತಿ ಗಿರಣಿಗಳಲ್ಲೂ ನಡೆದದ್ದೇ. ನನ್ನ ತಕರಾರು ಅದರ ಮುಂದಿನ ಅಂಕದ ಕುರಿತು. ಅದನ್ನು ತಿಳಿಯಲು ಒಂದಿಷ್ಟು ಕಾಯ್ದೆಯ ಒಳಗೆ ಹೋಗಬೇಕು. ಬೇಸರಪಡಬೇಡಿ, ಮೂರು ವರ್ಷ ನನ್ನ ಪಾಠ ಸಹಿಸಿದವರು ನೀವು.

ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಬಾಗಿಲು ತಟ್ಟಲು ಕೊಡುವ ಚೀಟಿ ಮಾತ್ರ. ಒಳಗೆ ಇರುವ ಅನುಮತಿ ನಿಂತಿರುವುದು ಬೇರೊಂದು ಅರ್ಜಿಯ ಮೇಲೆ. ಆ ಅರ್ಜಿಯನ್ನು ಹಾಕುವವನು ಕೆಲಸಗಾರನಲ್ಲ, ಕಂಪನಿ. ಕಾಗದಪತ್ರದಲ್ಲಿ ಕಂಪನಿ ‘ಅರ್ಜಿದಾರ’, ಕೆಲಸಗಾರ ‘ಫಲಾನುಭವಿ’. (ಆಶ್ರಯ ಮನೆಯ ಪಟ್ಟಿಯಲ್ಲಿ ಹೆಸರು ಬರಲಿ ಎಂದು ವರ್ಷಗಟ್ಟಲೆ ಪಂಚಾಯ್ತಿ ಕಟ್ಟೆಯ ಮೇಲೆ ಕುಳಿತವರಿಗೆ ಈ ‘ಫಲಾನುಭವಿ’ ಎಂಬ ಪದದ ಬೆಲೆ ಗೊತ್ತು.) ಕಂಪನಿ ತನ್ನ ಅರ್ಜಿಯನ್ನು ಲಿಖಿತವಾಗಿ ಹಿಂದಕ್ಕೆ ಪಡೆದರೆ ಮಂಜೂರಾತಿ ತಾನಾಗಿಯೇ ರದ್ದಾಗುತ್ತದೆ. ಹೀಗೆ ತಾನಾಗಿ ರದ್ದಾದದ್ದರ ವಿರುದ್ಧ ಮೇಲ್ಮನವಿ ಇಲ್ಲ ಎಂದು ಅವರ ನಿಯಮಾವಳಿಯೇ ಹೇಳುತ್ತದೆ. ಬೇರೆ ಕಾರಣಕ್ಕೆ ರದ್ದುಮಾಡುವುದಿದ್ದರೆ ನೋಟೀಸು ಕೊಡುತ್ತಾರೆ, ಆದರೆ ಅದೂ ಕಂಪನಿಗೆ. ಫಲಾನುಭವಿಯು ‘ಬಾಧಿತ ಪಕ್ಷ’ ಅಲ್ಲ ಎಂದು ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಂಟುಮೂಟೆ ಹೊರಬೇಕಾದವನು ಬಾಧಿತನಲ್ಲವಂತೆ!

ಇನ್ನು ಆ ಅರವತ್ತು ದಿನ. ನೌಕರಿ ಹೋದ ದಿನದಿಂದ ಗರಿಷ್ಠ ಅರವತ್ತು ದಿನ, ಅಥವಾ ಅನುಮತಿಯ ಅವಧಿ ಮುಗಿಯುವವರೆಗೆ, ಯಾವುದು ಕಡಿಮೆಯೋ ಅಷ್ಟು ಕಾಲ ಇರಬಹುದು. ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ಬಗೆಯ ಅನುಮತಿಗೆ ಕೋರಿಕೊಳ್ಳಬೇಕು, ಇಲ್ಲವೇ ಹೊರಡಬೇಕು. ಈ ನಿಯಮವೂ 2017ರ ಜನವರಿ 17ರಿಂದ ಬಂದದ್ದು. ಅದಕ್ಕೆ ಮೊದಲು ಎಚ್-1ಬಿ ನೌಕರನಿಗೆ ಇಂಥ ಒಂದು ದಿನದ ಹಕ್ಕೂ ಇರಲಿಲ್ಲ. ಆ ಮಟ್ಟಿಗೆ ಉಪಕಾರ. ಆದರೆ ಈ ಅರವತ್ತು ದಿನವನ್ನು ಮೊಟಕುಗೊಳಿಸುವ, ಇಲ್ಲವೆನ್ನುವ ವಿವೇಚನೆಯನ್ನು ಸರ್ಕಾರ ತನ್ನ ಕೈಯಲ್ಲೇ ಉಳಿಸಿಕೊಂಡಿದೆ.

ನಮ್ಮ ಹುಡುಗ ಎಡವಿದ್ದು ಎಣಿಕೆಯಲ್ಲಿ. ಕಂಪನಿ ಕೆಲಸ ಬಿಡಿಸುವಾಗ ಮೂರು ತಿಂಗಳ ಪರಿಹಾರಧನವನ್ನು ಸಂಬಳದಂತೆಯೇ ಕಂತುಕಂತಾಗಿ ಖಾತೆಗೆ ಹಾಕುತ್ತ ಹೋಯಿತು. ಹಣ ಬರುತ್ತಿರುವವರೆಗೆ ತಾನು ನೌಕರನೇ ಎಂದು ಅವನು ತಿಳಿದ. ಹಾಗಲ್ಲ. ಸಾಮಾನ್ಯವಾಗಿ ಸಂಬಳಕ್ಕೆ ಲೆಕ್ಕವಾಗುವ ಕೊನೆಯ ದಿನದ ಮರುದಿನದಿಂದಲೇ ಗಡುವು ಓಡತೊಡಗುತ್ತದೆ. ಪರಿಹಾರಧನ ಎಷ್ಟು ತಿಂಗಳು ಬಂದರೂ ಗಡುವು ನಿಲ್ಲದು. ಜನವರಿ 23ರಿಂದ ಎಣಿಸಿದರೆ ಮಾರ್ಚ್ 22ಕ್ಕೆ ಅರವತ್ತು. ಹೊಸ ಕಂಪನಿ ಸಿಕ್ಕಿತ್ತು, ಸಂದರ್ಶನವೂ ಆಗಿತ್ತು, ಅದರ ಅರ್ಜಿ ಕಚೇರಿ ತಲುಪಿದ್ದು ಏಪ್ರಿಲ್ 3ಕ್ಕೆ. ಹನ್ನೆರಡು ದಿನ ತಡ. ತಡವನ್ನು ಮನ್ನಿಸುವ ಅಧಿಕಾರ ಅಧಿಕಾರಿಗೆ ಇತ್ತು, ಮನ್ನಿಸಲಿಲ್ಲ. ಅಲ್ಲಿಯೇ ಉಳಿಯುವ ಕೋರಿಕೆ ತಿರಸ್ಕೃತವಾಯಿತು. ದೇಶ ಬಿಟ್ಟು, ಹೊಸ ವೀಸಾ ಪಡೆದು ಮರಳಿ ಬಾ ಎಂದಾಯಿತು. ಹೊಸ ಕಂಪನಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಅರ್ಜಿ ಹಿಂದಕ್ಕೆ ಪಡೆಯಿತು.

ಆಗ ಅವನು ರಾತ್ರಿ ನನಗೆ ಫೋನು ಮಾಡಿದ. ನಾನು ಪಾಠ ಹೇಳಿದ ಠೀವಿಯಲ್ಲೇ, “ಪ್ರಶ್ನಿಸಪ್ಪಾ, ಮೇಲ್ಮನವಿ ಹಾಕು. ಆ ದೇಶದಲ್ಲಿ ನ್ಯಾಯಾಲಯಗಳಿಲ್ಲವೇ?” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಅರ್ಜಿದಾರ ನಾನಲ್ಲ. ಮೇಲ್ಮನವಿ ಇಲ್ಲ. ಮರುಪರಿಶೀಲನೆ ಕೇಳೋದಿದ್ರ ಕಂಪನಿನೇ ಕೇಳಬೇಕು, ಕಂಪನಿ ಕೈಬಿಟ್ಟದ. ನಾನು ಯಾರಂತ ಹೋಗಿ ನಿಲ್ಲಲಿ?” ಎಂದ.

‘ನಾನು ಯಾರಂತ ಹೋಗಿ ನಿಲ್ಲಲಿ.’ ಈ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮ ಊರಿನಲ್ಲೇ, ಐವತ್ತು ವರ್ಷಗಳ ಹಿಂದೆ.

ನನ್ನ ತಂದೆಯವರು ಕನ್ನಡ ಶಾಲೆಯ ಮಾಸ್ತರರಾಗಿದ್ದರೆಂಬುದು ಬಂಧುಗಳಿಗೆ ಗೊತ್ತು. 1974ರ ಮಾರ್ಚ್ 1ರಂದು ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು, ದೇವರಾಜ ಅರಸರ ಕಾಲ. ಗೇಣಿ, ಲಾವಣಿ, ಪಾಲು ಎಂದು ಬೇರೆಯವರ ಹೊಲ ಉಳುತ್ತಿದ್ದವರು ‘ನಮೂನೆ 7’ರಲ್ಲಿ ಅರ್ಜಿ ಹಾಕಿಕೊಳ್ಳಬೇಕಾಗಿತ್ತು. ಸಂಜೆಯಾದರೆ ನಮ್ಮ ಪಡಸಾಲೆ ತುಂಬುತ್ತಿತ್ತು. ತಂದೆಯವರು ಬರೆಯುತ್ತಿದ್ದರು, ಹದಿಮೂರು ಹದಿನಾಲ್ಕರ ನಾನು ಕಂದೀಲು ಹಿಡಿದು ಕೂರುತ್ತಿದ್ದೆ. ಆಗ ಬಂದವರಲ್ಲಿ ಈ ಹುಡುಗನ ಅಜ್ಜನೂ ಒಬ್ಬರು. ಅವರು ಬಾಗಿಲ ಹೊರಗೇ ನಿಂತು, “ಹೊಲ ಅವರದು. ಉತಾರದಾಗ ಅವರ ಹೆಸರು. ನಾ ಯಾರಂತ ಹೋಗಿ ನಿಂದರಲಿ ಮಾಸ್ತರ್ರ?” ಎಂದು ಕೇಳಿದ್ದರು. ಅಲ್ಲಿಯವರೆಗೆ ಅವರ ಸ್ಥಿತಿ ಅದೇ ಆಗಿತ್ತು. ಒಡೆಯನ ಬಾಯಿಮಾತಿನ ಮೇಲೆ ಉಳುಮೆ. ಯುಗಾದಿಗೆ ‘ಈ ವರ್ಷ ಬ್ಯಾಡ’ ಎಂದರೆ ಎತ್ತು ಬಿಚ್ಚಿಕೊಂಡು ಮನೆಗೆ. 1948ರ ಮುಂಬೈ ಗೇಣಿ ಕಾಯ್ದೆ ನಮ್ಮ ಭಾಗಕ್ಕೆ ಇತ್ತು, ನಿಜ. ಕಾಗದದ ಮೇಲೆ ಇತ್ತು.

ತಂದೆಯವರು ಕೊಟ್ಟ ಉತ್ತರ ನನಗೆ ಇನ್ನೂ ನೆನಪಿದೆ. “ಉಳಾವ ಅಂತ ಹೋಗಿ ನಿಂದ್ರು. ಅರ್ಜಿ ನಿನ್ನ ಹೆಸರಿಲೆ ಐತಿ.”

ನಮೂನೆ 7ರ ಶಕ್ತಿ ಇದ್ದದ್ದು ಅಲ್ಲಿ. ಆ ಅರ್ಜಿಯನ್ನು ಒಡೆಯ ಹಾಕಬೇಕಾಗಿರಲಿಲ್ಲ, ಒಡೆಯ ಹಿಂದಕ್ಕೆ ಪಡೆಯಲೂ ಬರುತ್ತಿರಲಿಲ್ಲ. ಉಳುವವನೇ ಅರ್ಜಿದಾರ. ಭೂನ್ಯಾಯ ಮಂಡಳಿಯ ಮುಂದೆ ಅವನನ್ನು ಅವನದೇ ಹೆಸರು ಹಿಡಿದು ಕೂಗುತ್ತಿದ್ದರು. ಹಾಕಿದವರೆಲ್ಲ ಗೆದ್ದರೆಂದು ನಾನು ಹೇಳುವುದಿಲ್ಲ. ಸೋತವರೂ ಇದ್ದರು, ಸೋಲುವಂತೆ ಮಾಡಿದವರೂ ಇದ್ದರು. ಆದರೆ ಸೋತವನೂ ಮಂಡಳಿಯ ಮುಂದೆ ನಿಂತು ತನ್ನ ಮಾತು ಹೇಳಿಯೇ ಸೋತ. ಹುಡುಗನ ಅಜ್ಜ ಗೆದ್ದರು. ಆ ನಾಲ್ಕು ಎಕರೆಯೇ ಮುಂದೆ ಬ್ಯಾಂಕಿಗೆ ಹೋಗಿ ಹುಡುಗನ ಓದಾದದ್ದು. ಮತ್ತೆ, ಬಸ್ ನಿಲ್ದಾಣದಲ್ಲಿ ನನಗೆ ಊಟದ ಉಪಮೆ ಹೇಳಿದ ಮಹನೀಯರ ತಂದೆಯ ಅರ್ಜಿಯನ್ನೂ ಅದೇ ಕಂದೀಲಿನ ಬೆಳಕಿನಲ್ಲಿ ಬರೆದದ್ದು. ಮೊಮ್ಮಗ ಇದನ್ನು ಓದುವಾಗ ಸ್ವಲ್ಪ ಗಟ್ಟಿಯಾಗಿ ಓದಲಿ.

ಅತಿಥಿಗೆ ಎಂತಹ ಹಕ್ಕು ಎಂಬುದು ಅವರ ವಾದ. ಒಪ್ಪುತ್ತೇನೆ, ಯಾವ ದೇಶಕ್ಕೂ ತನ್ನ ಬಾಗಿಲ ಮೇಲೆ ಅಧಿಕಾರವಿದೆ. ವರ್ಷಕ್ಕೆ 65,000, ಅಲ್ಲಿಯೇ ಸ್ನಾತಕೋತ್ತರ ಪದವಿ ಓದಿದವರಿಗೆ ಇನ್ನೊಂದು 20,000 ಎಂದು ಮಿತಿ ಹಾಕಿಕೊಂಡಿದ್ದಾರೆ, ಹಾಕಿಕೊಳ್ಳಲಿ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಘೋಷಣೆಯೂ ಹೊರಟಿತು. ಅದು ಸರಿಯೋ ತಪ್ಪೋ ಅವರ ಮತದಾರರು ನೋಡಿಕೊಳ್ಳಲಿ. ಆದರೆ ಉಂಡ ಮನೆಗೆ ತಿಂಗಳು ತಿಂಗಳು ತೆರಿಗೆ ಕಟ್ಟುವ ಅತಿಥಿಯನ್ನು ನಾನಂತೂ ಕಂಡಿಲ್ಲ. ಆದಾಯ ತೆರಿಗೆಯಲ್ಲದೆ, ಅಲ್ಲಿಯ ವೃದ್ಧಾಪ್ಯ ಪಿಂಚಣಿಗೂ ವೈದ್ಯಕೀಯ ವಿಮೆಗೂ ಸಂಬಳದಲ್ಲಿ ನೂರಕ್ಕೆ 7.65ರಷ್ಟು ಮುರಿಯುತ್ತಾರೆ. ಆ ಪಿಂಚಣಿಗೆ ಅರ್ಹನಾಗಲು ಸುಮಾರು ಹತ್ತು ವರ್ಷದ ದುಡಿಮೆ ಬೇಕು. ಎಚ್-1ಬಿಯ ಸಾಮಾನ್ಯ ಮಿತಿ ಆರು ವರ್ಷ. ಎರಡು ದೇಶಗಳ ದುಡಿಮೆಯನ್ನು ಕೂಡಿಸಿ ಲೆಕ್ಕ ಹಿಡಿಯುವ ಒಪ್ಪಂದ ಭಾರತಕ್ಕೂ ಅಮೆರಿಕಕ್ಕೂ ನಡುವೆ ಇಲ್ಲ. ಐದು ವರ್ಷ ಕಟ್ಟಿ ಹೊರಬಿದ್ದವನ ಹಣ ಅಲ್ಲಿಯ ಮುದುಕರ ಊಟಕ್ಕೆ ಹೋಯಿತು. ಊಟ ಹಾಕಿದವರು ಯಾರು, ಉಂಡವರು ಯಾರು?

ಒಂದು ವಿಚಿತ್ರ ನೋಡಿ. ಅವಧಿಗೆ ಮುಂಚೆ ಕೆಲಸದಿಂದ ತೆಗೆದರೆ, ಆ ನೌಕರ ಊರಿಗೆ ಮರಳುವ ಪ್ರಯಾಣದ ಯುಕ್ತ ವೆಚ್ಚವನ್ನು ಕಂಪನಿಯೇ ಕೊಡಬೇಕೆಂದು ಅದೇ ಕಾಯ್ದೆಯಲ್ಲಿದೆ. ಹೋಗುವವನ ಟಿಕೆಟ್ಟಿನ ಬಗ್ಗೆ ಇಷ್ಟು ಮುತುವರ್ಜಿ ವಹಿಸಿದ ಕಾಯ್ದೆಗೆ ಅವನ ಮಾತನ್ನು ಕೇಳಬೇಕೆಂದು ಮಾತ್ರ ತೋಚಲಿಲ್ಲ.

ಕೇಳದೆ ತೀರ್ಪು ಕೊಡಬಾರದೆಂಬುದನ್ನು ನಾನು ಹತ್ತನೆಯ ತರಗತಿಗೆ ವರ್ಷವೂ ಹೇಳುತ್ತಿದ್ದೆ. ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು 1977ರಲ್ಲಿ ಕಾರಣ ಹೇಳದೆ ಮುಟ್ಟುಗೋಲು ಹಾಕಿಕೊಂಡಾಗ, ನಮ್ಮ ಸುಪ್ರೀಂ ಕೋರ್ಟು 1978ರ ಜನವರಿಯಲ್ಲಿ ಏನು ಹೇಳಿತು ಎಂಬುದನ್ನು ನಿಮ್ಮಲ್ಲಿ ಕೆಲವರಾದರೂ ಮರೆತಿರಲಾರರು. ಪುಸ್ತಕದ ಮಾತು ಬೇಡವೆಂದರೆ ನಾನೇ ಕಂಡದ್ದನ್ನು ಹೇಳುತ್ತೇನೆ. 1998ರಲ್ಲಿ ನಾನಿದ್ದ ಶಾಲೆಯ ಚಿತ್ರಕಲಾ ಶಿಕ್ಷಕರಿಗೆ ಆಡಳಿತ ಮಂಡಳಿಯವರು ಒಂದು ಶನಿವಾರ, ಸೋಮವಾರದಿಂದ ಬರಬೇಡಿ ಎಂದರು. ಕರ್ನಾಟಕ ಶಿಕ್ಷಣ ಕಾಯ್ದೆಯ 92ನೆಯ ಕಲಮು ವಿಚಾರಣೆ ಇಲ್ಲದೆ ವಜಾ ಮಾಡಬಾರದೆನ್ನುತ್ತದೆ. 94ನೆಯ ಕಲಮು ಮೇಲ್ಮನವಿಗೆ ಮೂರು ತಿಂಗಳು ಕೊಡುತ್ತದೆ. ಅವರು ತಮ್ಮದೇ ಹೆಸರಿನಲ್ಲಿ ನ್ಯಾಯಮಂಡಳಿಗೆ ಹೋದರು, ಎರಡು ವರ್ಷ ಅಲೆದರು, ಮತ್ತೆ ಅದೇ ಕಪ್ಪು ಹಲಗೆಯ ಮುಂದೆ ಬಂದು ನಿಂತರು.

ಹೊರದೇಶಗಳಲ್ಲಿ ಇದನ್ನು ಯಾರೂ ಪ್ರಶ್ನಿಸಿಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ ಭಾರತೀಯ ಪ್ರಜೆಯೊಬ್ಬರ ಪ್ರಕರಣ, ಪಠಾಣ್ ಮೊಕದ್ದಮೆ ಎಂದು ಹೆಸರಾದದ್ದು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರ ವಾಸ್ತವ್ಯ ವಿಸ್ತರಣೆಯ ಅರ್ಜಿ ಇತ್ಯರ್ಥವಾಗದೆ ಇದ್ದಾಗಲೇ, 2016ರ ಮಾರ್ಚಿನಲ್ಲಿ, ಅವರ ಕಂಪನಿಯ ಪ್ರಾಯೋಜಕ ಪರವಾನಗಿ ರದ್ದಾಯಿತು. ಗೃಹ ಇಲಾಖೆ ಅದನ್ನು ಅವರಿಗೆ ತಿಳಿಸಲಿಲ್ಲ. ಮೂರು ತಿಂಗಳ ಮೇಲೆ ಜೂನಿನಲ್ಲಿ ಅರ್ಜಿ ತಿರಸ್ಕರಿಸಿದಾಗಲೇ ಗೊತ್ತಾದದ್ದು. ಆ ಮೂರು ತಿಂಗಳು ಕೈಗೆ ಸಿಕ್ಕಿದ್ದರೆ ಬೇರೆ ಕಂಪನಿ ಹುಡುಕಬಹುದಾಗಿತ್ತು. ಕೂಡಲೇ ತಿಳಿಸದಿದ್ದುದು ಅನ್ಯಾಯದ ನಡವಳಿಕೆ ಎಂದು 2020ರ ಅಕ್ಟೋಬರ್ 23ರಂದು ಆ ನ್ಯಾಯಾಲಯ ಹೇಳಿತು. ಬದಲಿ ದಾರಿ ಹುಡುಕಲು ಹೆಚ್ಚಿನ ಕಾಲಾವಕಾಶವನ್ನೂ ಕೊಡಬೇಕೆಂಬ ವಾದಕ್ಕೆ ಮಾತ್ರ ಬಹುಮತ ದೊರೆಯಲಿಲ್ಲ. ಅರ್ಧ ರೊಟ್ಟಿ. ಅಮೆರಿಕದಲ್ಲೂ ಗ್ರೀನ್ ಕಾರ್ಡಿನ ಅರ್ಜಿಯೊಂದರ ಸಂಬಂಧದಲ್ಲಿ, ನೌಕರಳು ಎಂದೋ ಬಿಟ್ಟುಹೋಗಿದ್ದ ಹಳೆಯ ಕಂಪನಿಗೆ ಮಾತ್ರ ರದ್ದತಿಯ ನೋಟೀಸು ಕಳಿಸಿದರೆ ಸಾಲದು, ಆಕೆಗೋ ಆಕೆಯ ಹೊಸ ಕಂಪನಿಗೋ ಮುಟ್ಟಬೇಕೆಂದು ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಹೇಳಿತು. ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಬೆರಳು ತೂರಿಸುವಷ್ಟು ತೆರೆದಿದೆ.

ಅರವತ್ತೇ ಏಕೆ? ಆ ಸಂಖ್ಯೆಯಲ್ಲಿ ಏನೂ ಪಾವಿತ್ರ್ಯವಿಲ್ಲ. ಆಸ್ಟ್ರೇಲಿಯಾದಲ್ಲೂ ಅರವತ್ತೇ ಇತ್ತು. 2024ರ ಜುಲೈ 1ರಿಂದ ಒಂದು ಬಾರಿಗೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ ಎಂದು ಮಾಡಿದರು. ಐರೋಪ್ಯ ಒಕ್ಕೂಟದ ‘ಬ್ಲೂ ಕಾರ್ಡ್’ ನಿಯಮದಲ್ಲಿ ಎರಡು ವರ್ಷದೊಳಗಿನವರಿಗೆ ಮೂರು ತಿಂಗಳು, ಅದಕ್ಕೂ ಹಳಬರಿಗೆ ಆರು ತಿಂಗಳು. ಅಮೆರಿಕದಲ್ಲಿಯೇ ಅಧ್ಯಕ್ಷರ ಸಲಹಾ ಆಯೋಗವೊಂದು 2023ರಲ್ಲಿ 180 ದಿನ ಮಾಡಿರೆಂದು ಶಿಫಾರಸು ಮಾಡಿತ್ತು. ಶಿಫಾರಸು ಶಿಫಾರಸಾಗಿಯೇ ಉಳಿಯಿತು. ಮನೆ ಖಾಲಿ ಮಾಡಿ, ಕಾರು ಮಾರಿ, ಮಗುವಿನ ಶಾಲೆ ಬಿಡಿಸಿ, ಅದೇ ಹೊತ್ತಿಗೆ ನಾಲ್ಕು ಸುತ್ತಿನ ಸಂದರ್ಶನ ಮುಗಿಸಿ, ಹೊಸ ಕಂಪನಿಯ ವಕೀಲರಿಂದ ಅರ್ಜಿ ಬರೆಸಿ ಕಚೇರಿಗೆ ಮುಟ್ಟಿಸಬೇಕು. ಎರಡು ತಿಂಗಳಲ್ಲಿ ನಮ್ಮ ತಹಶೀಲ್ದಾರ ಕಚೇರಿಯಲ್ಲಿ ಒಂದು ವಾರಸಾ ನೋಂದಣಿ ಮಾಡಿಸಿ ನೋಡಿ, ಆಮೇಲೆ ಮಾತಾಡೋಣ.

ಇಷ್ಟು ಬರೆದ ಮೇಲೆ ಒಂದು ಮಾತನ್ನು ನುಂಗಿದರೆ ನಾನು ಪ್ರಾಮಾಣಿಕನಾಗುವುದಿಲ್ಲ. ನಮ್ಮ ರಾಜ್ಯದಲ್ಲಿ ‘ಅತಿಥಿ ಶಿಕ್ಷಕ’ ಎಂಬ ಹೆಸರಿನಲ್ಲಿ ದುಡಿಯುವವರಿದ್ದಾರೆ. ಶೈಕ್ಷಣಿಕ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಕಾಯಂ ಶಿಕ್ಷಕ ವರ್ಗವಾಗಿ ಬಂದರೆ ಅದಕ್ಕೂ ಮೊದಲೇ ಮುಗಿಯಿತು. ನೋಟೀಸಿಲ್ಲ, ಅರವತ್ತು ದಿನವಂತೂ ಇಲ್ಲವೇ ಇಲ್ಲ. ನಾನು ಪ್ರಭಾರಿ ಮುಖ್ಯೋಪಾಧ್ಯಾಯನಾಗಿದ್ದ ವರ್ಷ ಅಂಥ ಒಬ್ಬ ತಂಗಿಗೆ, “ನಾಳೆಯಿಂದ ಬರೋದು ಬ್ಯಾಡವ್ವಾ” ಎಂದು ನಾನೇ ಹೇಳಿದ್ದೇನೆ. ಆಕೆ ಹಾಜರಿ ಪುಸ್ತಕ ಮೇಜಿನ ಮೇಲಿಟ್ಟು ಹೋದಳು. ನಾನು ಆಕೆಯ ಮಾತು ಕೇಳಲಿಲ್ಲ. ಅಮೆರಿಕವನ್ನು ಬೈಯುವಾಗಲೆಲ್ಲ ಆ ಹಾಜರಿ ಪುಸ್ತಕ ಕಣ್ಣಮುಂದೆ ಬರುತ್ತದೆ. ಹಾಗೆಂದು ಬೈಯುವುದನ್ನು ನಿಲ್ಲಿಸಬೇಕೆಂದು ನನಗೆ ಅನ್ನಿಸಿಲ್ಲ, ಎರಡನ್ನೂ ಬೈಯಬೇಕು.

ಹುಡುಗ 2024ರ ಜೂನಿನಲ್ಲಿ ಸಂಸಾರದೊಡನೆ ಬಂದ. ಈಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಮೊದಲಿನಷ್ಟಲ್ಲ. ಮಗಳು ಅಲ್ಲಿ ಹುಟ್ಟಿದ ಕಾರಣ ಅಮೆರಿಕದ ಪ್ರಜೆ. ಅಜ್ಜನ ಮನೆಯಲ್ಲಿ ಇರಲು ಆಕೆಗೆ ನಮ್ಮ ಸರ್ಕಾರದ ಅನುಮತಿ ಬೇಕು! ಸಾಗರೋತ್ತರ ನಾಗರಿಕರ ಕಾರ್ಡಿಗೆ ಅರ್ಜಿ ಹಾಕಿಸುವಾಗ ನಾನೇ ಜೊತೆಯಲ್ಲಿ ಕುಳಿತಿದ್ದೆ. ಅಪ್ಪನನ್ನು ಕಳಿಸಿದ ದೇಶದಲ್ಲಿ ಮಗಳಿಗೆ ಪೂರ್ಣ ಹಕ್ಕು, ಅಪ್ಪನ ಊರಿನಲ್ಲಿ ಮಗಳು ಪರದೇಶಿ. ಮಗು ಮಾತ್ರ ಇದಾವುದನ್ನೂ ತಲೆಗೆ ಹಚ್ಚಿಕೊಳ್ಳದೆ ಹಿತ್ತಲಲ್ಲಿ ಕರುವಿನ ಹಿಂದೆ ಓಡುತ್ತಿತ್ತು.

ಹೊರದೇಶದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಎರಡು ಮಾತು. ಕೆಲಸ ಹೋದ ದಿನ ಮೊದಲು ಮನೆಗೆ ಫೋನು ಮಾಡಿ, ಮುಚ್ಚಿಡಬೇಡಿ. ಊರಿನವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಎರಡನೆಯದಾಗಿ, ಸಂಬಳದ ಕೊನೆಯ ದಿನ ಯಾವುದು, ಪರಿಹಾರಧನ ಯಾವುದು ಎಂಬುದನ್ನು ಕಂಪನಿಯಿಂದ ಅಂದೇ ಲಿಖಿತವಾಗಿ ಪಡೆಯಿರಿ, ಕಂಪನಿಯ ವಕೀಲರನ್ನಲ್ಲ, ನಿಮ್ಮದೇ ವಕೀಲರನ್ನು ಮೊದಲ ವಾರದಲ್ಲೇ ಕಾಣಿರಿ. ಗಡುವು ಮುಗಿಯುವ ಮುನ್ನ, ಹೊಸ ನೌಕರಿ ಖಚಿತವಾಗಿರಲಿ ಬಿಡಲಿ, ನಿಮ್ಮದೇ ಹೆಸರಿನಲ್ಲಿ ಹಾಕಬಹುದಾದ ಸಂದರ್ಶಕ ಅನುಮತಿಯ ಬದಲಾವಣೆಯ ಅರ್ಜಿಯ ಬಗ್ಗೆ ಅವರನ್ನು ಕೇಳಿರಿ. ನಮ್ಮ ಹುಡುಗನಿಗೆ ಅದು ಗೊತ್ತಾದದ್ದು ಮಾರ್ಚ್ ಕಳೆದ ಮೇಲೆ.